ಗುಡ್ಡೆಯ ಮೇಲಿನ ಮರಳು

ಮುನೆಮ್ಮ ಹಿಂದಕ್ಕೆ ಹಿಂದಕ್ಕೆ ನಡೆಯುತ್ತ ಮರಳು ಎಳೆಯುತ್ತಿದ್ದಳು. ಮರದ ಹಲ್ಲಿನ ಹಲುಬೆ ಎಳೆದಲ್ಲೆಲ್ಲ ಅವಳದೇ ಹೆಜ್ಜೆ ಅಳಿಸಿಹೋಗಿ, ಆಗತಾನೆ ಬಾಚಿದ ತಲೆಯ ಹಾಗೆ ಮರಳಿನ ಮೇಲೆ ಗೆರೆ ಮೂಡುತ್ತಿತ್ತು. ಬಂಕರಿನ ಕೆಲಸವೆಂದರೆ ಅಷ್ಟೇ. ನಡುವಿನಿಂದ ಶುರು ಮಾಡಿ, ಅಂಚು ಮುಟ್ಟುವಷ್ಟರಲ್ಲಿ ತಾನು ಅಲ್ಲಿ ಕಾಲಿಟ್ಟೇ ಇರಲಿಲ್ಲ ಅನ್ನುವ ಹಾಗೆ ಮಾಡಿ ಹೊರಗೆ ಬರಬೇಕು.

"ಅಲ್ಲೊಂದ್ ಹೆಜ್ಜೆ ಬುಟ್ಟಿದ್ದೀಯಲ್ಲೇ ಲೌಡಿ, ಕಣ್ ಹೋಗವಾ?" ಮೇಸ್ತ್ರಿ ಜಯರಾಮಪ್ಪ ದಿಣ್ಣೆಯ ಮೇಲಿಂದ ಕೂಗಿದ. "ಸಾವ್ಕಾರ್ರ ಬಾಲು ನಿನ್ ಹೆಜ್ಜೆ ಒಳಗೆ ಬಿದ್ರೆ ಯಾವೋನೇ ಎತ್ತೋನು?"

"ಅಂಚಿಗ್ ಬಂದಾಗ ಅಳಿಸ್ತೀನಿ ಕಣಣ್ಣ."

"ಅಣ್ಣ ಅಂತೆ ಅಣ್ಣ! ನಿಮ್ಮಪ್ಪ ನಮ್ಮವ್ವನ್ ತಾವ ಬಂದಿದ್ನಾ? ಸಾಮಿ ಅನ್ನು."

"ಅಳಿಸ್ತೀನಿ ಸಾಮಿ."

ಹಿಂದೂಪುರದ ಹೊರಗೆ, ಚಿಲಮತ್ತೂರಿನ ರಸ್ತೆಗೆ ಅಂಟಿಕೊಂಡ ಬಯಲಿನಲ್ಲಿ ಆ ಕ್ಲಬ್ಬಿತ್ತು. ರೈಲು ಹಾಕಿಸಲು ಬಂದಿದ್ದ ದೊರೆಗಳು ಆಡಿ ಬಿಟ್ಟುಹೋದ ಗಾಲ್ಫ್ ಆಟವನ್ನು ಈಗ ಎಣ್ಣೆ ಮಿಲ್ಲಿನವರು, ಇಂಜಿನಿಯರುಗಳು, ಆಫೀಸರುಗಳು ಆಡುತ್ತಿದ್ದರು. ಅದು ಹುಲ್ಲು ಬೆಳೆಯುವ ನೆಲವಲ್ಲ. ಚೆಂಡು ಬೀಳಿಸುವ ಕುಳಿಯ ಸುತ್ತ ಹಳೆ ಎಣ್ಣೆ ಸುರಿದು ಕಪ್ಪಗೆ ಮಟ್ಟ ಮಾಡಿದ ಮಣ್ಣು. ಅದರ ಮಗ್ಗುಲಲ್ಲಿ, ತಪ್ಪಿ ಬಂದ ಚೆಂಡನ್ನು ಹಿಡಿದುಕೊಳ್ಳಲೆಂದು ತೋಡಿ ಪೆನ್ನೇರು ಹೊಳೆಯ ಬಿಳಿ ಮರಳು ತುಂಬಿದ ಗುಂಡಿಗಳು. ಅವೇ ಬಂಕರು. ಕೇರಿಯ ಹೆಂಗಸರು ಆ ಮರಳು ಎಳೆಯುತ್ತಿದ್ದರು. ಗಂಡಸರು ಆಡುವವರ ಕೋಲಿನ ಚೀಲ ಹೊತ್ತು ಹಿಂದೆ ನಡೆಯುತ್ತಿದ್ದರು. ಮುನೆಮ್ಮನ ಗಂಡ ಕದಿರಪ್ಪ, ಅವನ ಜೊತೆಗಾರ ದಾಸಣ್ಣ, ಇಬ್ಬರೂ ಚೀಲ ಹೊರುವವರೇ.

ಬೇವಿನ ನೆರಳಿನಲ್ಲಿ ಮುದ್ದೆ ಮುರಿಯುವಾಗ ದಾಸಣ್ಣ ಶುರು ಮಾಡಿದ.

"ಇವ್ರ ಆಟದ ನೇಮ ಕೇಳಿದ್ಯಾ ಮುನೆಮ್ಮ? ಮರಳಾಗೆ ಬಾಲು ಬಿತ್ತು ಅನ್ನು. ಹೊಡೆಯೋಗಂಟ ಕೋಲು ಮರಳಿಗೆ ಸೋಕಂಗಿಲ್ಲ. ಸೋಕ್ತಾ, ದಂಡ!"

"ಮಡಿನಾ?"

"ಮಡೀನೆ! ನಾವ್ ಬಾವಿ ಮುಟ್ಟಿದ್ರೆ ಹೆಂಗೋ ಹಂಗೆ."

"ದಿನಾ ತುಳಿಯೋಳು ನಾನಲ್ವಾ, ಅದ್ಕೇ ಇರ್ಬೇಕು," ಅಂದಳು ಮುನೆಮ್ಮ. ಕದಿರಪ್ಪ ನಕ್ಕು, ತುತ್ತು ನೆತ್ತಿಗೇರಿ ಕೆಮ್ಮಿದ.

"ಇನ್ನೊಂದ್ ಕೇಳು," ಅಂದ ದಾಸಣ್ಣ. "ಬಂಕರ್ನಾಗೆ ಬಾಲ್ಗೆ ಹೊಡೀಬಾರ್ದು. ಬಾಲಿನ ಹಿಂದ್ಲ ಮರಳಿಗ್ ಹೊಡೀಬೇಕು. ಮರಳೇ ಬಾಲ್ನ ಎತ್ಕಂಡ್ ಹೋಗಿ ಮೆತ್ತಗ್ ಇಳಿಸ್ತದೆ. ನಮ್ ಶಿವಯೋಗಪ್ಪನೋರ್ಗೆ ಇದು ತಲೆಗೇ ಹೋಗಕಿಲ್ಲ. ಬಾಲ್ ಕಂಡ್ರೆ ಸಾಕು, ಮಿಲ್ಲಿನ ಕೂಲಿಯೋನ್ನ ಕಂಡಂಗೆ ಬಾರಿಸ್ತಾರೆ."

ಶಿವಯೋಗಪ್ಪ ಎಣ್ಣೆ ಮಿಲ್ಲಿನ ಒಡೆಯ, ಕ್ಲಬ್ಬಿನ ಸೆಕ್ರೆಟರಿ. ಅವನ ಹೆಸರು ಬಂದ ಕೂಡಲೆ ಕದಿರಪ್ಪನ ನಗೆ ಇಳಿಯಿತು. ಏಳನೇ ಕುಳಿಯ ಮಗ್ಗುಲಲ್ಲಿ ಕಳ್ಳಿ ಬೆಳೆದ ಒಂದು ಗುಡ್ಡೆಯಿತ್ತು. ಕೇರಿಯವರು ತಾತ ಮುತ್ತಾತನ ಕಾಲದಿಂದ ತಮ್ಮವರನ್ನು ಮಣ್ಣು ಮಾಡುತ್ತ ಬಂದ ಜಾಗ ಅದು. ಆ ಗುಡ್ಡೆಯನ್ನು ತೋಡಿ ದೊಡ್ಡದೊಂದು ಬಂಕರು ಮಾಡಬೇಕು, ಬರುವ ಪಂದ್ಯಕ್ಕೆ ಅನಂತಪುರದಿಂದ ಬರುವವರೆಲ್ಲ ನೋಡಿ ಬೆರಗಾಗಬೇಕು ಅಂತ ಶಿವಯೋಗಪ್ಪ ಹೇಳುತ್ತ ಬಂದಿದ್ದ. ಕೇರಿಯವರು ಹೋಗಿ ಕಾಲಿಗೆ ಬಿದ್ದಾಗ "ನೋಡೋಣ ಹೋಗಿ" ಅಂದಿದ್ದ. ಆಗಲಿ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ.

ಕದಿರಪ್ಪ ಹೆಂಡತಿಯ ತವರಾದ ಕುಂದುರ್ಪಿಗೆ ಹೋಗಿದ್ದಾಗ, ಕಲ್ಯಾಣದುರ್ಗದಲ್ಲಿ ತಾಲ್ಲೂಕು ಕಚೇರಿಯ ಹುಣಸೆ ಮರದಡಿ ಕೂರುವ ಕೇಶವಯ್ಯನ ಹತ್ತಿರ ಗುಡ್ಡೆ ಉಳಿಸಿಕೊಡಿ ಅಂತ ಕಲೆಕ್ಟರಿಗೆ ಒಂದು ಅರ್ಜಿ ಬರೆಸಿಕೊಂಡು ಬಂದಿದ್ದ. ಹಿಂದೂಪುರದಲ್ಲಿ ಅದನ್ನು ಬರೆದುಕೊಡಲು ಯಾರೂ ಒಪ್ಪಿರಲಿಲ್ಲ. ಮನೆಗೊಬ್ಬರಂತೆ ಕೇರಿಯವರೆಲ್ಲ ಹೆಬ್ಬೆಟ್ಟು ಒತ್ತಿದ್ದರು. ಮೊದಲನೆಯ ಹೆಬ್ಬೆಟ್ಟು ಕದಿರಪ್ಪನದೇ. ಅದು ದೀಪಾವಳಿಗಿಂತ ಮುಂಚಿನ ಮಾತು. ಶಿವರಾತ್ರಿ ಕಳೆದರೂ ಅರ್ಜಿ ಗೋಡೆಯ ಗೂಡಿನಲ್ಲೇ ಇತ್ತು.

"ಇನ್ನೂ ಯಾಕ್ ಮಡೀಕಂಡಿದ್ದೀಯಾ? ಉಪ್ಪಿನ್ಕಾಯಾ ಅದು, ಊರ್ಲಿ ಅನ್ನಕೆ?" ಮುನೆಮ್ಮ ಅವತ್ತೂ ಕೇಳಿದಳು.

"ಒಂದೊಂದ್ ಹೆಬ್ಬೆಟ್ಟಿನ ಹಿಂದೂ ಒಂದೊಂದ್ ಒಲೆ ಐತೆ ಕಣಮ್ಮಿ. ಕಾಗ್ದ ಹೋದ್ ದಿನ್ವೇ ಎಲ್ಲಾ ಆರ್ತವೆ. ಆಮೇಲೆ, ಹೋದ್ ವರ್ಸ ಕಲೆಕ್ಟ್ರು ಇಲ್ಲಿಗೇ ಆಡಕ್ ಬಂದಾಗ ಅವ್ರ ಬೂಟ್ ಒರೆಸ್ದೋನು ನಾನು. ನನ್ ಹೆಬ್ಬೆಟ್ ನೋಡಿ ಆವಯ್ಯ ಏನಂದ್ಕಂತಾನೆ?"

"ಗುಡ್ಡೆ ಒಳಗಿರೋರ್ ಕೇಳಿದ್ರೆ ಏನಂತೀಯಾ?"

"ಅವ್ರಿಗೆ ಅವಸ್ರ ಇಲ್ಲ." ಕದಿರಪ್ಪ ಕೈ ತೊಳೆದುಕೊಂಡು ಎದ್ದ. "ನಿಮ್ಮೂರ್ಗೆ ಹೋದಾಗ ಕಲ್ಯಾಣದುರ್ಗದಾಗೇ ಹಾಕ್ತೀನಿ. ಇಲ್ಲಿ ಟಪಾಲಿಗೆ ಬಿದ್ರೆ ಸಂಜಿಕ್ಕೆ ಕ್ಲಬ್ಬಿಗ್ ಗೊತ್ತಾಯ್ತದೆ."

ಆ ಮಧ್ಯಾಹ್ನ ಶಿವಯೋಗಪ್ಪನ ಚೆಂಡು ಮೂರನೇ ಕುಳಿಯ ಬಂಕರಿಗೆ ಬಿತ್ತು. ಮುನೆಮ್ಮ ಹಲುಬೆ ಹಿಡಿದು ದೂರ ನಿಂತಳು. ಅವರು ಆಡಿ ಹೋದ ಮೇಲೆ ಅವಳು ಇಳಿಯಬೇಕು. ಕದಿರಪ್ಪ ಚೀಲ ಇಳಿಸಿ ಎದುರಿಗೆ ಕುಳಿಯ ಬಾವುಟ ಹಿಡಿದುಕೊಂಡಿದ್ದ. ಶಿವಯೋಗಪ್ಪ ಮೊಳೆ ಬೂಟಿನ ಕಾಲನ್ನು ಮರಳಿನಲ್ಲಿ ಊರಿ, ಕೋಲು ಎತ್ತಿ, ಮರಳು ಬಿಟ್ಟು ಚೆಂಡಿನ ನೆತ್ತಿಗೇ ಬೀಸಿದ. ಚೆಂಡು ಮೇಲೇಳಲಿಲ್ಲ. ಕವಣೆ ಕಲ್ಲಿನ ಹಾಗೆ ನೇರ ಹೋಗಿ ಕದಿರಪ್ಪನ ಕಿವಿಯ ಮೇಲೆ ಬಡಿಯಿತು.

"ಎಲ್ಲಿಗ್ ಹೋಯ್ತೋ ಬಾಲು?" ಅಂದ ಶಿವಯೋಗಪ್ಪ.

ಜೊತೆಗೆ ಆಡುತ್ತಿದ್ದ ಇಂಜಿನಿಯರು ನಗುತ್ತ, "ನಿಮ್ಮ ಆಳಿಗೇ ಹೊಡೆದಿರಿ. ನೇಮದ ಪ್ರಕಾರ ಈ ಕುಳಿ ನೀವು ಸೋತಿರಿ ಸಾವ್ಕಾರ್ರೇ," ಅಂದ.

"ಇವನು ನನ್ನ ಆಳಲ್ಲ, ಕ್ಲಬ್ಬಿನ ಆಳು."

"ಹೊತ್ತಿರೋದು ನಿಮ್ಮ ಚೀಲ ಅಲ್ವೇ?"

"ಚೀಲ ನಂದು. ಆಳು ನಂದಲ್ಲ. ಬೇಕಾದರೆ ಅವನನ್ನೇ ಕೇಳಿ. ಏನೋ, ನೀನು ಯಾರ ಆಳೋ?"

ಕದಿರಪ್ಪ ಒಂದು ಕೈಯಲ್ಲಿ ಬಾವುಟ, ಇನ್ನೊಂದು ಕೈಯಲ್ಲಿ ಕಿವಿ ಹಿಡಿದುಕೊಂಡು ನಿಂತಿದ್ದ. "ಏನಿಲ್ಲ ಸಾಮಿ, ಏನೂ ಆಗಿಲ್ಲ ಸಾಮಿ," ಅಂದ. ಅವರು ಕೇಳಿದ್ದಕ್ಕೂ ಅವನು ಹೇಳಿದ್ದಕ್ಕೂ ಸಂಬಂಧವಿರಲಿಲ್ಲ. ಆಟ ಮುಗಿಯುವವರೆಗೂ ಚೀಲ ಹೊತ್ತ. ಸಂಜೆ ಮನೆಗೆ ಬಂದು ವಾಂತಿ ಮಾಡಿಕೊಂಡ. ತಾಯಿ ಪಾಪಕ್ಕ ತೊಡೆಯ ಮೇಲೆ ತಲೆ ಇಟ್ಟುಕೊಂಡು ನೀವಿದಳು. ಕೋಳಿ ಕೂಗುವ ಹೊತ್ತಿಗೆ ಪ್ರಾಣ ಹೋಗಿತ್ತು.

ಹೆಣ ಹೊರಗೆ ತರುವ ಮುಂಚೆಯೇ ಜಯರಾಮಪ್ಪ ಕೇರಿಯ ಬಾಯಿಗೆ ಬಂದು ನಿಂತ. ಒಳಗೆ ಕಾಲಿಡಲಿಲ್ಲ.

"ಬಿಸ್ಲು ಬಡ್ದು ಸತ್ತ. ಯಾರ್ ಕೇಳಿದ್ರೂ ಅಂಗೇ ಹೇಳ್ಬೇಕು, ತಿಳೀತಾ?"

"ಬಿಸ್ಲು ಬಡುದ್ರೆ ಕಿವಿ ಮ್ಯಾಲೆ ನಿಂಬೆಹಣ್ಣಿನಷ್ಟ್ ಗಾತ್ರ ಬಾವು ಬತ್ತದಾ?" ಮುನೆಮ್ಮ ಕೇಳಿದಳು.

"ಬತ್ತದೆ ಅಂದ್ರೆ ಬತ್ತದೆ. ಸಾವ್ಕಾರ್ರು ದೊಡ್ ಮನಸ್ ಮಾಡಿ ಗುಡ್ಡೆ ಮ್ಯಾಲೇ ಮಡಗ್ಲಿ ಅಂದವ್ರೆ. ಬಾಯ್ ಮುಚ್ಕಂಡ್ ಮಣ್ ಮಾಡ್ಕಳಿ."

ಗುಡ್ಡೆಯ ಮೇಲೆ, ಸೀತಾಫಲದ ಗಿಡದ ಬುಡದಲ್ಲಿ, ಅವನ ಅಪ್ಪನ ಮಗ್ಗುಲಿಗೇ ಕದಿರಪ್ಪನನ್ನು ಮಣ್ಣು ಮಾಡಿದರು. ತಲೆಯ ದಿಕ್ಕಿಗೆ ಪಾಪಕ್ಕ ಜರಡಿ ಹಿಡಿದ ಒಲೆಯ ಬೂದಿ ಹರವಿದಳು. ಇದು ಕೇರಿಯ ಪದ್ಧತಿ. ಬೂದಿ ಹರವಿ ಬಂದ ಮೇಲೆ ಹಾಲುತುಪ್ಪದ ದಿನದವರೆಗೂ ಮನೆಯವರು ಆ ಕಡೆ ತಿರುಗಿ ನೋಡಬಾರದು. ಮೂರನೆಯ ಬೆಳಗ್ಗೆ ಹಾಲು, ತುಪ್ಪ, ಸತ್ತವನಿಗೆ ಇಷ್ಟವಾದ ಅಡುಗೆ ತೆಗೆದುಕೊಂಡು ಹೋದಾಗ ಬೂದಿಯ ಮೇಲೆ ಒಂದು ಗುರುತಿರುತ್ತದೆ. ಹಕ್ಕಿಯ ಕಾಲಿನದೋ, ಕರುವಿನ ಗೊರಸಿನದೋ, ಮಗುವಿನ ಪಾದದ್ದೋ. ಯಾವುದಾದರೂ ಸರಿ, ಆ ರೂಪದಲ್ಲಿ ಅವನು ಬಂದುಹೋಗಿದ್ದಾನೆ ಅಂತ. ಆ ಗುರುತನ್ನು ಗಾಳಿ ಅಳಿಸಬೇಕು, ಮನೆಯವರ ಕೈ ಅಳಿಸಬಾರದು. ಅಳಿಸಿದರೆ ಹೋದವನಿಗೆ ದಾರಿ ತಪ್ಪುತ್ತದೆ.

ಹಾಗಾಗಿ ಎರಡು ದಿನ ಅತ್ತೆ ಸೊಸೆ ಮನೆಯೊಳಗೇ ಇದ್ದರು. ರಸ್ತೆಯ ಮೇಲೆ ಗಾಡಿಗಳು ಹೋಗಿ ಬರುವ ಸದ್ದು ಕೇಳುತ್ತಲೇ ಇತ್ತು. ಯಾರದೋ ಮನೆ ಕಟ್ಟುವ ಸಾಮಾನು ಅಂದುಕೊಂಡರು. ಕಂಡಿದ್ದ ಕೇರಿಯವರಿಗೆ ಸೂತಕದ ಮನೆಗೆ ಬಂದು ಹೇಳುವ ಧೈರ್ಯ ಆಗಲಿಲ್ಲ.

ಮೂರನೆಯ ಬೆಳಗ್ಗೆ ಪಾಪಕ್ಕನ ಕೈ ಹಿಡಿದುಕೊಂಡು ಮುನೆಮ್ಮ ಏಳನೇ ಕುಳಿಯ ಹತ್ತಿರ ಬಂದವಳು ನಿಂತುಬಿಟ್ಟಳು. ಕಳ್ಳಿ ಇರಲಿಲ್ಲ. ತಲೆಗಲ್ಲುಗಳಿರಲಿಲ್ಲ. ಗುಡ್ಡೆಯ ನೆತ್ತಿ ಹಾರಿಸಿ, ನಡುವೆ ತಗ್ಗು ಮಾಡಿ, ಹೊಸ ಬಿಳಿ ಮರಳು ಸುರಿದಿದ್ದರು. ಅಂಚಿನಲ್ಲಿ ಚೆಂದಕ್ಕೆ ಅಂತಲೋ ಏನೋ ಆ ಸೀತಾಫಲದ ಗಿಡವನ್ನು ಮಾತ್ರ ಉಳಿಸಿದ್ದರು.

"ಯಾಕೆ ನಿಂತ್ಕಂಡೆ?" ಅಂದಳು ಪಾಪಕ್ಕ. ಅವಳ ಎರಡೂ ಕಣ್ಣಿಗೆ ಪೊರೆ ಬಂದು ವರ್ಷಗಳಾಗಿದ್ದವು. "ಬಂತಾ? ಸೀತಾಫಲದ್ ಸೊಪ್ಪಿನ್ ವಾಸ್ನೆ ಬತ್ತಾ ಐತೆ."

ಮುದುಕಿ ಗಿಡ ಮುಟ್ಟಿ ನೋಡಿ ಜಾಗ ಅಂದಾಜು ಮಾಡಿಕೊಂಡು ಕೂತಳು. ಮೆಲ್ಲಗೆ ಅಂಗೈ ಚಾಚಿದಳು. ನುಣುಪಾದ ತಣ್ಣನೆಯ ಮರಳು ಬೆರಳಿಗೆ ತಾಗಿತು. ತಾನೇ ಹರವಿದ ಬೂದಿ ಇಬ್ಬನಿ ಕುಡಿದಿದೆ ಅಂದುಕೊಂಡಳೋ ಏನೋ. ಬೆರಳುಗಳು ಹುಡುಕುತ್ತ ಹೋಗಿ ಒಂದು ಕಡೆ ನಿಂತವು.

"ಬಂದವ್ನೆ ಕಣೇ!" ಅಂದಳು ಪಾಪಕ್ಕ. "ಹೆಜ್ಜೆ ಐತೆ! ಮನ್ಸನ್ ಹೆಜ್ಜೇನೇ. ಯಾವ್ ರೂಪ್ದಾಗೂ ಅಲ್ಲ, ಅವ್ನಾಗೇ ಬಂದವ್ನೆ." ಆಮೇಲೆ ಬೆರಳು ಆ ಹೆಜ್ಜೆಯ ಒಳಗೆ ಇಳಿಯಿತು. "ಇದೇನಿದು... ತೂತು, ತೂತು. ಅಯ್ಯೋ ನನ್ನಪ್ಪಾ. ಮುಳ್ಳಿನ ಮ್ಯಾಲೆ ನಡ್ಕಂಡ್ ಬಂದವ್ನಲ್ಲೇ ನನ್ ಮಗ!"

ಮೊಳೆ ಬೂಟಿನ ಹೆಜ್ಜೆ ಅದು. ಹೊಸ ಬಂಕರು ಹೇಗಿದೆ ಅಂತ ನಿನ್ನೆ ಸಂಜೆ ಯಾರೋ ಇಳಿದು ನೋಡಿ ಹೋಗಿದ್ದರು. ಮರಳು ಎಳೆಯುವವಳು ಸೂತಕದ ಮನೆಯಲ್ಲಿದ್ದಳು, ಅಳಿಸಲು ಯಾರೂ ಇರಲಿಲ್ಲ. ದಿನಾ ಅಂಥ ಹೆಜ್ಜೆ ನೂರು ಅಳಿಸಿದ್ದ ಮುನೆಮ್ಮನಿಗೆ ನೋಡಿದ ಕೂಡಲೆ ಗೊತ್ತಾಯಿತು. ಹೇಳಲು ಬಾಯಿ ತೆರೆದಳು. ಮುದುಕಿ ಆ ಹೆಜ್ಜೆಯ ಸುತ್ತ ಕೈ ಕಟ್ಟಿ, ಕೂಸಿಗೆ ಗಾಳಿ ತಾಗದ ಹಾಗೆ ಮರೆ ಮಾಡಿಕೊಂಡು ಕೂತಿದ್ದಳು. ಮುನೆಮ್ಮ ಬಾಯಿ ಮುಚ್ಚಿಕೊಂಡು ಎಲೆ ಹಾಸಿ, ಮುದ್ದೆ, ಉಪ್ಪುಸಾರು ಬಡಿಸಿ, ಹೆಜ್ಜೆಯ ಹಿಮ್ಮಡಿಯ ಹತ್ತಿರ ಹಾಲಿನ ಕುಡಿಕೆ ಇಟ್ಟಳು.

ಆಗಲೇ ಚೆಂಡು ಬಂದು ಎಲೆಯ ಅಂಚಿನಲ್ಲಿ ಪೊತ್ತೆಂದು ಬಿತ್ತು. ಉಪ್ಪುಸಾರು ಮುದುಕಿಯ ಸೆರಗಿಗೆ ಸಿಡಿಯಿತು.

ಹಿಂದೆಯೇ ಅವರು ಬಂದರು. ಮುಂದೆ ಶಿವಯೋಗಪ್ಪ, ಪಕ್ಕದಲ್ಲಿ ಇಂಜಿನಿಯರು, ಅನಂತಪುರದ ಕಡೆಯ ಇನ್ನಿಬ್ಬರು. ಚೀಲ ಹೊತ್ತವನು ಈಗ ದಾಸಣ್ಣ. ಜಯರಾಮಪ್ಪ ಓಡಿ ಬಂದ.

"ಏಯ್! ಇಲ್ಲೇನ್ರೇ ನಿಮ್ ತಿಥಿ? ಬಾಚ್ರೇ ಇದ್ನೆಲ್ಲ! ಮುನೆಮ್ಮ, ಹಲುಬೆ ತಗಾ, ಆ ಹೆಜ್ಜೆಗಳ್ನ ಎಳ್ದಾಕು ಬೇಗ!"

ಹಲುಬೆಯನ್ನು ಅವಳ ಕಾಲಿನ ಹತ್ತಿರ ಎಸೆದ. ಅವಳು ಬಗ್ಗಲಿಲ್ಲ.

"ನಾನ್ ಅಳ್ಸಕಿಲ್ಲ."

"ಏನಂದೆ?"

"ಅಳ್ಸಕಿಲ್ಲ ಅಂದೆ. ಅವ್ನ್ ಹೆಜ್ಜೆ ಅದು ಅಂತ ಅವ್ವ ಅಂತಾವ್ಳೆ."

ಅನಂತಪುರದವರಲ್ಲೊಬ್ಬ "ಏಮಿಟಂಟ?" ಅಂದ. ಇಂಜಿನಿಯರು ತೆಲುಗಿನಲ್ಲಿ ಅವನ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನೆಲ ನೋಡಿದರು. ಶಿವಯೋಗಪ್ಪನ ಮುಖ ಕೆಂಪಾಯಿತು.

"ನೋಡಮ್ಮಾ, ಹೊಟ್ಟೆಗೆ ಹಾಕಿದ ಕ್ಲಬ್ಬು ಇದು. ನಾಲ್ಕು ಜನ ದೊಡ್ಡವರ ಎದುರಿಗೆ ಗಲೀಜು ಮಾಡಬೇಡ. ಮುದುಕೀನ ಎಬ್ಬಿಸು."

"ಕಾಲ್ ಕೆಳ್ಗೆ ನನ್ ಗಂಡ ಅವ್ನೆ ಸಾಮಿ."

"ಎಲ್ಲರ ಕಾಲ ಕೆಳಗೂ ಯಾರಾದರೂ ಇರ್ತಾರೆ. ಸತ್ತವರು ಮಣ್ಣು. ಮಣ್ಣಿಗೇನು ಗೊತ್ತು?"

"ನಿಮ್ಮಪ್ಪಾರ್ನೂ ಮಣ್ಗೇ ಅಲ್ವಾ ಸಾಮಿ ಮಡಗಿರೋದು?" ಮುನೆಮ್ಮನ ದನಿ ಏರಲಿಲ್ಲ. "ಸೋಮಂದೇಪಲ್ಲಿ ರಸ್ತೇಲಿ ಗದ್ದಿಗೆ ಕಟ್ಸಿದ್ದೀರಾ. ಆ ಕಲ್ಲು ಹೊತ್ತೋರು ನಾವೇ. ಅದ್ರ ಮ್ಯಾಲ್ ಬಾಲ್ ಬಿದ್ರೆ ಯಾವ್ ಕೋಲ್ನಾಗ್ ಹೊಡೀತೀರಾ?"

ಜಯರಾಮಪ್ಪನ ಕೈ ಅವಳ ಕೆನ್ನೆಗೆ ಬಿತ್ತು. "ಬೇವರ್ಸಿ ಮುಂಡೆ! ಯಾರ್ ಹೆಸ್ರು ಎತ್ತೀಯೇ?"

ಮುನೆಮ್ಮ ಒಂದು ಹೆಜ್ಜೆ ಹಿಂದೆ ಹೋದಳು, ಮತ್ತೆ ಅಲ್ಲಿಗೇ ಬಂದು ನಿಂತಳು. ಪಾಪಕ್ಕ ಕತ್ತು ತಿರುಗಿಸಿ ಸದ್ದು ಬಂದ ಕಡೆ ಮುಖ ಮಾಡಿದಳು.

"ಯಾರ್ಲಾ ನನ್ ಸೊಸೆ ಮ್ಯಾಲ್ ಕೈ ಮಾಡ್ದೋನು? ನಾನ್ ಏಳಾಕಿಲ್ಲ. ನನ್ ಮಗ ಮುಳ್ ತುಳ್ಕಂಡ್ ಬಂದವ್ನೆ. ಅವ್ನ್ ಉಂಡ್ ಹೋಗೋಗಂಟ ಏಳಾಕಿಲ್ಲ."

ಶಿವಯೋಗಪ್ಪ ಸುತ್ತ ನೋಡಿದ. ದೊಡ್ಡವರು ಕಾಯುತ್ತಿದ್ದರು. ಅವನು ದಾಸಣ್ಣನ ಹೆಗಲಿನ ಚೀಲದಿಂದ ಕೋಲು ಎಳೆದುಕೊಂಡು ಬಂಕರಿಗೆ ಇಳಿದ.

"ಬೇಡ ಬಿಡಿ ಸಾವ್ಕಾರ್ರೇ, ಚೆಂಡು ಎತ್ತಿ ಹೊರಗಿಟ್ಟುಕೊಳ್ಳಿ," ಅಂದ ಇಂಜಿನಿಯರು.

"ಬಿದ್ದಲ್ಲಿಂದಲೇ ಆಡಬೇಕು ಅಂತ ನೇಮ ಇದೆ. ನೇಮದ ಮಾತು ಎತ್ತಿದವರು ನೀವೇ ಅಲ್ವೇ ಮೊನ್ನೆ?"

ಮರಳಿಗೆ ಸೋಕದಂತೆ ಕೋಲನ್ನು ಗಾಳಿಯಲ್ಲಿ ಹಿಡಿದ. ಮುದುಕಿ ಒಂದು ಮಾರು ದೂರದಲ್ಲಿ, ಎಲೆಯ ಆಚೆ ಕೂತಿದ್ದಳು. ಅವನು ಬೀಸಿದ. ಚೆಂಡಿನ ಹಿಂದಿನ ಮರಳಿಗೆ ಏಟು ಸರಿಯಾಗಿ ಬಿತ್ತು. ಬೊಗಸೆ ಬೊಗಸೆ ಮರಳು ಎದ್ದು ಪಾಪಕ್ಕನ ತಲೆ, ಮುಖ, ಬಾಯಿ, ಎಲೆಯ ಮೇಲಿನ ಮುದ್ದೆ, ಹಾಲು ಎಲ್ಲದರ ಮೇಲೂ ಸುರಿಯಿತು. ಚೆಂಡು ಮೆತ್ತಗೆ ಮೇಲೆದ್ದು ಕುಳಿಯ ಹತ್ತಿರ ಇಳಿದು ನಿಂತಿತು.

ದಾಸಣ್ಣ ಚೀಲವನ್ನು ಹೆಗಲಿಂದ ಇಳಿಸಿ ನೆಲಕ್ಕೆ ಬಿಟ್ಟ. ಕೋಲುಗಳು ಝಣ್ ಅಂದವು.

"ಇವತ್ತು ಬಂತು ನೋಡಿ ಸಾಮಿ ನಿಮ್ಗೆ ಆಟ," ಅಂದ. "ಈ ಏಟ್ನ ಅವತ್ತು ಹೊಡ್ದಿದ್ರೆ ನನ್ ಕದಿರ ಬದುಕಿರ್ತಿದ್ದ."

"ನಡಿಯೋ ಆಚೆಗೆ, ಬೋಳಿಮಗನೆ! ನಾಳೆಯಿಂದ ನಿಮ್ಮ ಕೇರಿಯವರು ಒಬ್ಬರೂ ಗೇಟಿನೊಳಗೆ ಬರಕೂಡದು!" ಶಿವಯೋಗಪ್ಪ ಕೂಗಿದ. ದೊಡ್ಡವರು ಮುಂದಿನ ಕುಳಿಯ ಕಡೆಗೆ ಆಗಲೇ ನಡೆಯತೊಡಗಿದ್ದರು.

ಮುನೆಮ್ಮ ಅತ್ತೆಯ ಕಣ್ಣಿನಿಂದ, ರೆಪ್ಪೆಯಿಂದ ಸೆರಗಿನ ತುದಿಯಲ್ಲಿ ಮರಳು ತೆಗೆದಳು. ಮುದುಕಿ ಬಾಯಲ್ಲಿದ್ದುದನ್ನು ಉಗಿದು, ಕೈ ಚಾಚಿ ಮೊದಲು ಆ ಹೆಜ್ಜೆ ಹುಡುಕಿದಳು. ಅರ್ಧ ಮುಚ್ಚಿಹೋಗಿತ್ತು. ಹಿಮ್ಮಡಿಯಷ್ಟೇ ಸಿಕ್ಕಿತು.

"ಮುನೀ."

"ಊಂ ಅವ್ವ."

"ಇದು ಬೂದಿ ಅಲ್ಲ ಕಣೇ. ಮರಳು."

ಮುನೆಮ್ಮ ಮುದುಕಿಯ ತಲೆಗೂದಲಿನ ಮರಳು ಕೊಡವಿದಳು.

"ಬಾಯಿಗ್ ಬಿದ್ಮೇಲೆ ಗೊತ್ತಾಯ್ತು." ಪಾಪಕ್ಕ ಸ್ವಲ್ಪ ಹೊತ್ತು ಬೆರಳುಗಳನ್ನು ಒಂದಕ್ಕೊಂದು ತಿಕ್ಕಿದಳು. "ಹೆಜ್ಜೇನೂ ಅವುಂದಲ್ಲ, ಅಲ್ವಾ?"

"ಅಲ್ಲ ಅವ್ವ."

"ಆ ಕಾಗ್ದ ಗೂಡ್ನಾಗೇ ಐತಾ?"

"ಐತೆ."

"ಹೋಗು ಹಂಗಾರೆ. ಅವ್ನೆಲ್ಲಿ ಹಾಕ್ಬೇಕು ಅಂದಿದ್ನೋ ಅಲ್ಲಿಗೇ ಹೋಗು. ನೀನ್ ಬರೋಗಂಟ ನಾನಿಲ್ಲೇ ಇರ್ತೀನಿ. ಮುದ್ಕಿ ಕೂತಿದ್ರೆ ಇನ್ನೊಂದ್ ಗಾಡಿ ಮರಳು ಹೆಂಗ್ ಸುರೀತಾರೋ ನೋಡನ."

"ನಾನ್ ಜತೆಗಿರ್ತೀನಿ, ನೀನ್ ನಡಿಯಮ್ಮ," ಅಂದ ದಾಸಣ್ಣ. ಅವನು ಮರಳಿನಲ್ಲಿ ಮುದುಕಿಯ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದ.

ಮುನೆಮ್ಮ ಬಂಕರಿನ ನಡುವಿನಿಂದ ಮುಖ ಮುಂದೆ ಮಾಡಿಕೊಂಡು ನಡೆದು ಹೊರಗೆ ಬಂದಳು. ಹಲುಬೆ ಅಲ್ಲೇ ಬಿದ್ದಿತ್ತು.

ಮಡಕಶಿರ, ಪಾವಗಡ ದಾಟಿ ಬಸ್ಸು ಕಲ್ಯಾಣದುರ್ಗ ಮುಟ್ಟಿದಾಗ ಟಪಾಲು ಕಚೇರಿ ಮುಚ್ಚಿತ್ತು. ಅವಳು ಅದರ ಜಗಲಿಯ ಮೇಲೇ ಮಲಗಿ, ಬೆಳಗ್ಗೆ ಬಾಗಿಲು ತೆಗೆದಾಗ ಮೊದಲಿಗಳಾಗಿ ನಿಂತಳು. ಮಡಿಚಿ ಮಡಿಚಿ ಮೂಲೆ ಸವೆದ ಅರ್ಜಿಯನ್ನು ಬಿಚ್ಚಿ, ಗುಮಾಸ್ತೆಯ ಮಸಿ ಕೇಳಿ, ಕದಿರಪ್ಪನ ಹೆಬ್ಬೆಟ್ಟಿನ ಪಕ್ಕದಲ್ಲಿ ತನ್ನದನ್ನೂ ಒತ್ತಿದಳು. ಗುಮಾಸ್ತೆ ಲಕೋಟೆಗೆ ಹಾಕಿ ಅಂಟಿಸಿ, ಕಲೆಕ್ಟರ್, ಅನಂತಪುರ ಅಂತ ಬರೆದ.

"ರಿಜಿಸ್ಟ್ರಿನಾ?"

"ದಾರೀಲಿ ಕಳೀಬಾರ್ದು ಸಾಮಿ. ಹೆಂಗ್ ಹೋದ್ರೆ ಕಳಿಯಾಕಿಲ್ವೋ ಹಂಗೆ."

"ಪಂಪೇವಾಳ್ಳ ಪೇರು?" ಗುಮಾಸ್ತೆ ತೆಲುಗಿನಲ್ಲಿ ಕೇಳಿ, ಅವಳ ಮುಖ ನೋಡಿ ಕನ್ನಡಕ್ಕೆ ತಿರುಗಿದ. "ಕಳಿಸೋರ ಹೆಸರು ಹೇಳಮ್ಮ."

"ಕದಿರಪ್ಪ."

"ಇರೋದೆಲ್ಲಿ? ಪೂರ್ತಿ ವಿಳಾಸ ಬೇಕು. ಮುಟ್ಟಿದ್ದಕ್ಕೆ ರುಜು ಹಾಕಿದ ಕಾರ್ಡು ವಾಪಸ್ ಬರ್ತದೆ."

ಮುನೆಮ್ಮ ಕಟಕಟೆಯ ಸರಳು ಹಿಡಿದುಕೊಂಡಳು.

"ಏಳ್ನೇ ಕುಳಿ ಬಂಕರು, ಸೀತಾಫಲದ್ ಗಿಡದ್ ಬುಡ, ಹಿಂದೂಪುರ ಅಂತ ಬರ್ಕಳಿ."

ಗುಮಾಸ್ತೆ ಲೇಖನಿ ಎತ್ತಿ ಅವಳನ್ನು ನೋಡಿದ. "ಅದೇನು ಮನೆಯೇನಮ್ಮ? ಅಲ್ಲಿಗೆ ಕಾರ್ಡು ಬಂದರೆ ತಗೊಳ್ಳೋರು ಯಾರು?"

"ಅವ್ನ್ ತಾಯಿ ಕೂತವ್ಳೆ ಸಾಮಿ. ಇಸ್ಕಂತಾಳೆ."

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ಗುಮಾಸ್ತೆ ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದು, ಲಕೋಟೆಯ ಮೇಲೆ ಮುದ್ರೆ ಗುದ್ದಿ, ಹಿಂದಿದ್ದ ಚೀಲಕ್ಕೆ ಎಸೆದ.